ಹನ್ನೊಂದು ಚೀಲ, ಒಂದು ಲಿಂಗ

ಬ್ಯಾಡಗಿಯ ಮೆಣಸಿನಕಾಯಿ ಶೆಡ್ಡಿನಲ್ಲಿ ಹೆಂಗಸರು ಮಧ್ಯಾಹ್ನದ ಬುತ್ತಿ ಬಿಚ್ಚುವ ಹೊತ್ತಿಗೆ ಮೈಮುನಾಬಿ ಎದ್ದು ಹೊರಗೆ ಹೋಗಿ ಕೂರಬಹುದಿತ್ತು. ರಂಜಾನಿನ ರೋಜಾ ಹಿಡಿದ ಉಳಿದವರು ಹಾಗೆಯೇ ಮಾಡುತ್ತಿದ್ದರು. ಆದರೆ ಹದಿನೆಂಟು ವರ್ಷದಿಂದ ನೀಲಗಂಗವ್ವನ ಎದುರಿಗೆ ಕೂತು ತೊಟ್ಟು ಬಿಡಿಸಿದವಳಿಗೆ, ಅವಳು ಉಣ್ಣುವಾಗ ಎದ್ದು ಹೋಗುವುದೆಂದರೆ ಮುನಿಸಿಕೊಂಡು ಹೋದ ಹಾಗೆ ಅನ್ನಿಸುತ್ತಿತ್ತು. ಹಾಗಾಗಿ ಆ ಶುಕ್ರವಾರವೂ ಎದುರಿಗೇ ಕೂತಿದ್ದಳು. ಎಲ್ಲರಿಗಿಂತ ಮೊದಲು ನೋಡಿದವಳೂ ಅವಳೇ.

ನೀಲಗಂಗವ್ವ ಕೈ ತೊಳೆದು ಬಂದು ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿಕೊಂಡಳು. ತುತ್ತು ಮುರಿಯುವ ಮೊದಲು ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಳ್ಳುವುದು ಅವಳ ರೂಢಿ. ಕುಪ್ಪಸದೊಳಗೆ ಹೋದ ಕೈ ಅಲ್ಲೇ ನಿಂತಿತು. ಮೆಲ್ಲಗೆ ಎಳೆದಳು. ಶಿವದಾರದ ಸವೆದ ತುದಿ ಬಂತು, ಅದರ ಜೊತೆಗೆ ಬರಬೇಕಾದ ಬಟ್ಟೆಯ ಗಂಟು ಬರಲಿಲ್ಲ.

"ಮೈಮುನಾ, ನನ್ನ ಲಿಂಗ ಇಲ್ಲಲಾ."

ಅಷ್ಟು ಸಣ್ಣ ದನಿ ನೀಲಗಂಗವ್ವನಿಗೆ ಇದೆಯೆಂದು ಮೈಮುನಾಬಿಗೆ ಗೊತ್ತಿರಲಿಲ್ಲ. ಮೋಟೆಬೆನ್ನೂರಿನಿಂದ ದಿನಾ ಟೆಂಪೋದಲ್ಲಿ ಬರುವ, ಇಳಿಯುವ ಮೊದಲೇ ಶೆಡ್ಡಿಗೆಲ್ಲ ಕೇಳುವಂತೆ ಕೂಗುವ ಹೆಂಗಸು ಅವಳು. ಮನೆಯಲ್ಲಿ ಎಂಟು ಎಕರೆ ಹೊಲ, ದುಡಿಯುವ ಮಗ, ಮಾತು ಕೇಳುವ ಸೊಸೆ, ಎಲ್ಲ ಇದ್ದೂ ಸುಮ್ಮನೆ ಕೂತರೆ ಕೈ ಜೋಮು ಹಿಡಿಯುತ್ತದೆ ಎಂದು ಮೆಣಸಿನಕಾಯಿಯ ಘಾಟಿನಲ್ಲಿ ಬಂದು ಕೂರುವವಳು. ಈಗ ಬುತ್ತಿಯ ಬಟ್ಟೆಯನ್ನು ಹಾಗೇ ಮಡಚಿ ಗಂಟು ಹಾಕಿದಳು. ಲಿಂಗ ಮೈಮೇಲಿಲ್ಲದಿದ್ದರೆ ಬಾಯಿಗೆ ಅನ್ನವಿಲ್ಲ. ಅವಳ ತಾಯಿ ಹಾಗೆ ನಡೆದಿದ್ದಳು, ಅವಳೂ ಹಾಗೆ ನಡೆಯುವವಳು.

ಮೈಮುನಾಬಿಗೆ ಎರಡು ತಿಂಗಳ ಹಿಂದೆ ಇದೇ ಜಾಗದಲ್ಲಿ ಕೂತು ಇಬ್ಬರೂ ಹರಟಿದ್ದು ನೆನಪಾಯಿತು. ನಿನ್ನ ದೇವರಿಗೆ ಮುಖವಿಲ್ಲ ಮೂತಿಯಿಲ್ಲ, ಯಾರ ಕಡೆ ನೋಡಿ ಬೇಡಿಕೊಳ್ಳುತ್ತೀ ಎಂದು ನೀಲಗಂಗವ್ವ ಕೇಳಿದ್ದಳು. ನಿನ್ನ ಲಿಂಗಕ್ಕಾದರೂ ಮುಖ ಎಲ್ಲಿದೆ ಎಂದು ಇವಳು ಕೇಳಿದ್ದಳು. ಮುಖ ಇಲ್ಲ, ದಿನಾ ಮುಂಜಾನೆ ಅಂಗೈಯಲ್ಲಿಟ್ಟು ನೋಡುತ್ತ ಕೂತರೆ ಕಡೆಗೆ ಅದೂ ಕಾಣುವುದಿಲ್ಲ, ಅಂಗೈಯೂ ಕಾಣುವುದಿಲ್ಲ ಎಂದಿದ್ದಳು ನೀಲಗಂಗವ್ವ. ಆಗ ಮೈಮುನಾಬಿ, "ನಂದು ಚಲೋ ನೋಡಕ್ಕ, ಕೈಯಾಗ ಇಲ್ಲದ್ದು ಕಳಿಯಂಗೂ ಇಲ್ಲ" ಎಂದುಬಿಟ್ಟಿದ್ದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಆಡಿದ ಮಾತನ್ನು ಈಗ ಎಲ್ಲಿಂದ ಹಿಂದಕ್ಕೆ ತರುವುದು?

ಎದುರಿಗಿದ್ದ ರಾಶಿಯನ್ನು ಹೆಂಗಸರೆಲ್ಲ ಸೇರಿ ಕೆದಕಿದರು. ನೆಲ ಗುಡಿಸಿದರು, ತೊಟ್ಟಿನ ಗುಡ್ಡೆ ಜಾಲಾಡಿದರು. ಸಿಗಲಿಲ್ಲ. ಉಳಿದದ್ದು ಮುಂಜಾನೆಯಿಂದ ತುಂಬಿ ಬಾಯಿ ಹೊಲಿದು ಗೋಡೆಗೆ ಒಟ್ಟಿದ್ದ ಹನ್ನೊಂದು ಚೀಲ.

"ಹೊಲಿದ ಚೀಲ ಬಿಚ್ಚಾಕ ಬರಂಗಿಲ್ರಿ," ಎಂದ ಮೇಸ್ತ್ರಿ ತಿರಕಪ್ಪ. "ಸೋಮವಾರ ಇವು ಕೋಲ್ಡ್ ಸ್ಟೋರೇಜಿಗೆ ಹೋಗಬೇಕು. ಸಾವಕಾರ್ರಿಗೆ ನಾ ಏನ್ ಹೇಳ್ಲಿ?"

"ಏನೂ ಹೇಳಬ್ಯಾಡ," ಎಂದಳು ಮೈಮುನಾಬಿ. "ನಾನ ಬಿಚ್ಚತೇನಿ, ನಾನ ಹೊಲೀತೇನಿ. ಸೋಮವಾರ ಮುಂಜಾನಿ ನಿನ್ನ ಚೀಲ ಹೆಂಗಿದ್ವು ಹಂಗ ಇರ್ತಾವು. ನಿಮ್ಮವ್ವಂದು ಕಳದಿದ್ರ ನೀ ಬಿಚ್ಚತಿದ್ದಿಲ್ಲೇನು?"

ತಿರಕಪ್ಪ ಗೊಣಗುತ್ತ ಸೂಜಿ, ಸುತಳಿ ತಂದುಕೊಟ್ಟ.

ಅವತ್ತು ಸಂಜೆಯ ತನಕ ಇಬ್ಬರೂ ಸೇರಿ ಎರಡು ಚೀಲ ನೋಡಿದರು. ತಾಡಪತ್ರಿಯ ಮೇಲೆ ಸುರಿದು, ಹಿಡಿ ಹಿಡಿಯಾಗಿ ಸರಿಸಿ, ಮತ್ತೆ ತುಂಬಿದರು. ಹೊತ್ತು ಮುಳುಗುವಾಗ ಮಸೀದಿಯಿಂದ ಬಾಂಗು ಕೇಳಿತು. ಮೈಮುನಾಬಿ ಸೆರಗಿನ ಗಂಟಿನಿಂದ ಖರ್ಜೂರ ತೆಗೆದಳು. ಬಾಯಿಗೆ ಇಡಲಾಗಲಿಲ್ಲ.

"ತಿನ್ನು. ನಿನ್ನ ದೇವರು ಹೊತ್ತಿಗೆ ಸರಿಯಾಗಿ ಕರದಾನ," ಎಂದಳು ನೀಲಗಂಗವ್ವ.

"ನನ್ನ ಉಪಾಸಕ್ಕ ಬಾಂಗ್ ಐತಿ ಅಕ್ಕ. ನಿನ್ನ ಉಪಾಸಕ್ಕ ಏನೈತಿ?"

ನೀಲಗಂಗವ್ವ ಚೀಲಗಳ ಕಡೆ ಕೈ ತೋರಿಸಿದಳು. "ಅಲ್ಲೇ ಐತಿ ಅದು. ನನಗ ಗೊತ್ತೈತಿ. ನಾ ಉಣ್ಣದ ಕುಂತ್ರ ಅದು ತಾನ ಕಣ್ಣಿಗೆ ಬೀಳತೈತಿ."

ಶನಿವಾರ ಅವಳು ನೀರನ್ನೂ ಮುಟ್ಟದೆ ಬಂದಿದ್ದಳು. ನಾಲ್ಕನೆಯ ಚೀಲ ಸುರಿಯುವಾಗ ಕಣ್ಣು ಕತ್ತಲೆ ಬಂದು ತಾಡಪತ್ರಿಯ ಮೇಲೆಯೇ ಕೂತುಬಿಟ್ಟಳು. ಮಗ ವಿಜಯಮಹಾಂತೇಶ ಬಂದು ಮನೆಗೆ ಕರೆದುಕೊಂಡು ಹೋದ. ಹೋಗುವಾಗ ಅವಳು ಮೈಮುನಾಬಿಯ ಕೈ ಹಿಡಿದು, "ಅರ್ಧಕ್ಕ ಬಿಡಬ್ಯಾಡ" ಎಂದಳು.

ಮೈಮುನಾಬಿ ಅರ್ಧಕ್ಕೆ ಬಿಡಲಿಲ್ಲ. ಸೆರಗನ್ನು ಮೂಗಿಗೆ ಬಿಗಿದು ಒಬ್ಬಳೇ ಕೂತಳು. ಮೆಣಸಿನಕಾಯಿಯ ಘಾಟು ಗಂಟಲಿಗೆ ಇಳಿದರೆ ಬೇರೆ ದಿನ ಒಂದು ಚೊಂಬು ನೀರು ಕುಡಿದು ಮುಗಿಸುತ್ತಿದ್ದಳು. ಈಗ ಉಗುಳು ನುಂಗುವುದಕ್ಕೂ ಅನುಮಾನ. ಕೆಮ್ಮಿ ಕೆಮ್ಮಿ ಪಕ್ಕೆಲುಬು ನೋಯುತ್ತಿದ್ದವು. ಮಗ್ಗುಲಿಗೆ ಒಂದು ಒಗೆದ ಬಿಳಿ ಬಟ್ಟೆ ಇಟ್ಟುಕೊಂಡಿದ್ದಳು. ಲಿಂಗ ಕಂಡರೆ ತಾನು ಮುಟ್ಟಬಾರದು, ಬಟ್ಟೆ ಮುಚ್ಚಿ ಅಲ್ಲೇ ಕಾವಲು ಕೂತು ಮೋಟೆಬೆನ್ನೂರಿಗೆ ಹೇಳಿಕಳಿಸಬೇಕು ಎಂದು ಅವಳ ಲೆಕ್ಕ. ಇನ್ನೊಬ್ಬರ ಲಿಂಗವನ್ನು ಅವರ ಮನೆಯವರೂ ಮುಟ್ಟುವುದಿಲ್ಲ ಎಂಬುದು ಹದಿನೆಂಟು ವರ್ಷದಲ್ಲಿ ಅವಳು ತಿಳಿದುಕೊಂಡಿದ್ದ ಸಂಗತಿ.

ಭಾನುವಾರ ಮಧ್ಯಾಹ್ನ ಹನ್ನೊಂದನೆಯ ಚೀಲದ ತಳ ಕಂಡಿತು. ಬಿಳಿ ಬಟ್ಟೆ ಮಡಚಿದ್ದು ಮಡಚಿದಂತೆಯೇ ಇತ್ತು. ದಾರಿಯಲ್ಲಿ ಬಿತ್ತೋ, ಟೆಂಪೋದಲ್ಲಿ ಬಿತ್ತೋ, ಶುಕ್ರವಾರ ಮುಂಜಾನೆ ಹೊರಗೆ ಒಯ್ದು ಸುಟ್ಟ ತೊಟ್ಟಿನ ಜೊತೆ ಹೋಯಿತೋ, ದೇವರೇ ಬಲ್ಲ. ಯಾವ ದೇವರು ಎಂದು ಯಾರಾದರೂ ಕೇಳಿದ್ದರೆ ಮೈಮುನಾಬಿಗೆ ಅವತ್ತು ಸಿಟ್ಟು ಬರುತ್ತಿತ್ತು. ಚೀಲದ ಬಾಯಿ ಹೊಲಿದು, ಅದಕ್ಕೇ ಒರಗಿ ಅತ್ತಳು.

ವಿಜಯಮಹಾಂತೇಶ ಎಂ-80 ಗಾಡಿ ನಿಲ್ಲಿಸಿ ಒಳಗೆ ಬಂದದ್ದು ಆಗಲೇ. ಗೊಬ್ಬರದ ಅಂಗಡಿಯ ಹುಡುಗ, ಒಳ್ಳೆಯವನು, ತಾಯಿಯೆಂದರೆ ಜೀವ. ಆದರೆ ಅವನ ಲಿಂಗ ದೇವರ ಜಗಲಿಯ ಮೇಲಿರುತ್ತಿತ್ತು. ಹಬ್ಬಕ್ಕೊಮ್ಮೆ, ಮದುವೆಗೊಮ್ಮೆ ಕೊರಳಿಗೆ ಬಂದು ಮತ್ತೆ ಜಗಲಿಗೆ ಹೋಗುತ್ತಿತ್ತು.

"ಚಿಗವ್ವ, ಸಿಕ್ತೇನು?"

ಅವಳು ತಲೆ ಅಲ್ಲಾಡಿಸಿದಳು. ಅವನು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಜೇಬಿನಿಂದ ಒಂದು ಸಣ್ಣ ಬಟ್ಟೆಯ ಗಂಟು ತೆಗೆದ.

"ಹಾವೇರ್ಯಾಗ ತಂದೇನಿ. ಅವ್ವಂದಷ್ಟ ದೊಡ್ಡದೈತಿ. ಹೊಸಾದು ಅಂತ ಗೊತ್ತಾಗಬಾರದಂತ ಖಾರದ ಪುಡಿಯಾಗ ಹೊಳ್ಳಾಡಿಸೇನಿ. ನೀ ಬಂದು ಚೀಲದಾಗ ಸಿಕ್ತು ಅಂತ ಹೇಳಿ ಕೊಟ್ಟಬಿಡು."

ಮೈಮುನಾಬಿ ಅವನ ಮುಖ ನೋಡಿದಳು. "ನೀನ ಹೇಳಲಾ."

"ನನ್ನ ಮಾತು ನಂಬಂಗಿಲ್ಲ ಚಿಗವ್ವ. ಮೊದಲನೇ ದಿನಾನ ನಾ, ಹೋದ್ರ ಹೋತು, ಮಠದ ಅಯ್ಯನವರ ಕಡೆ ಇನ್ನೊಂದು ಕಟ್ಟಿಸಿಕೊಂಡ್ರಾತು ಅಂದಬಿಟ್ಟೆ. ಅವತ್ತಿಂದ ನನ್ನ ಕೂಡ ಮಾತಾಡಿಲ್ಲ. ನಿನ್ನ ಮಾತು ನಂಬ್ತಾಳ. ಡಾಕ್ಟರು ಸಲೈನ್ ಹಚ್ತೇನಿ ಅಂದ್ರ ಕೈ ಕೊಡವಲ್ಲಳು. ನಿನ್ನೆ ನನ್ನ ಹೇಣ್ತಿ ಅತ್ತಿದ್ದಕ್ಕ ನಾಕ ಗುಟಕ ನೀರು ಕುಡದಾಳ, ಅಷ್ಟ." ಅವನ ದನಿ ಒಡೆಯಿತು. "ನಮ್ಮವ್ವ ಸಾಯ್ತಾಳ ಚಿಗವ್ವ."

"ರೋಜಾ ಹಿಡದೇನೋ ನಾನು. ಬಾಯಾಗ ಸುಳ್ಳು ಇಟ್ಕೊಂಡು ಹೆಂಗ ಬರ್ಲಿ?"

ಅವನು ಗಂಟನ್ನು ಅವಳ ಮಗ್ಗುಲಿನ ಬಿಳಿ ಬಟ್ಟೆಯ ಮೇಲೆ ಇಟ್ಟ.

ಅವಳು ಮನೆಗೆ ಹೋಗಿ ಗಂಡನನ್ನು ಕೇಳಿದಳು. ನಲವತ್ತು ವರ್ಷ ಚೀಲ ಹೊತ್ತು ಬೆನ್ನು ಬಾಗಿದ್ದ ಫಕ್ಕೀರಸಾಬ ಮಾತು ಕಡಿಮೆ ಆಡುವವನು. ತಮ್ಮ ಮನೆಮಾತಿನಲ್ಲಿ ಅವನು ಹೇಳಿದ್ದು ಇಷ್ಟು: ಜೀವ ಉಳಿಸಲು ಹೇಳಿದ ಸುಳ್ಳನ್ನು ಅಲ್ಲಾ ಮಾಫ್ ಮಾಡುತ್ತಾನೆ. ಆದರೆ ನೀಲಗಂಗವ್ವ ಮಾಫ್ ಮಾಡುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ, ಅದು ನಿನಗೆ ಗೊತ್ತಿರಬೇಕು. ಮೈಮುನಾಬಿ ಅದನ್ನು ಅರ್ಧ ಮಾತ್ರ ಕೇಳಿಸಿಕೊಂಡಳು. ಅವಳಿಗೆ ಬೇಕಾಗಿದ್ದ ಅರ್ಧವೂ ಅದೇ. ಈ ಸುಳ್ಳಿಗೆ ಹಬ್ಬ ಕಳೆದ ಮೇಲೆ ಒಂದು ರೋಜಾ ಹೆಚ್ಚಿಗೆ ಹಿಡಿಯುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡು, ಕೈಕಾಲು ಮುಖ ತೊಳೆದು, ವಿಜಯಮಹಾಂತೇಶನ ಗಾಡಿ ಹತ್ತಿದಳು. ಗಂಟು ಸೆರಗಿನಲ್ಲಿತ್ತು.

ಮೋಟೆಬೆನ್ನೂರಿನ ಮನೆ ಮುಟ್ಟುವಾಗ ಬಿಸಿಲು ಇಳಿದಿತ್ತು. ನೀಲಗಂಗವ್ವ ಪಡಸಾಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮೂರೇ ದಿನಕ್ಕೆ ಅವಳ ಕೆನ್ನೆ ಒಳಗೆ ಹೋಗಿದ್ದವು. ತುಟಿ ಒಡೆದಿದ್ದವು. ಅದನ್ನು ನೋಡಿದ್ದೇ ತಡ, ಮೈಮುನಾಬಿಯ ಒಳಗೆ ಉಳಿದಿದ್ದ ಅಳುಕೆಲ್ಲ ಹಾರಿಹೋಯಿತು. ಇವಳು ಬದುಕಬೇಕು, ಅಷ್ಟೇ ಅನ್ನಿಸಿತು.

"ಅಕ್ಕ, ಸಿಕ್ತು."

ನೀಲಗಂಗವ್ವ ಹೊರಳಿದಳು. "ಖರೇನ?"

"ಖರೇನ. ಹನ್ನೊಂದನೇ ಚೀಲದಾಗ, ತಳದಾಗ ಇತ್ತು."

ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ಮೈಮುನಾಬಿ ತಿಳಿದಿರಲಿಲ್ಲ. ನೀಲಗಂಗವ್ವ ತಿರುಗಿ ಪ್ರಶ್ನೆ ಕೇಳಲಿಲ್ಲ. ತೋರಿಸು ಎನ್ನಲಿಲ್ಲ. ಸೊಸೆ ಸುಧಾರಾಣಿಯನ್ನು ಕೂಗಿ ನೀರು ಕಾಯಿಸಲು ಹೇಳಿದಳು. ಗೋಡೆ ಹಿಡಿದು ಬಚ್ಚಲಿಗೆ ಹೋದಳು. ಮಿಂದು, ಒಗೆದ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಮಣೆಯ ಮೇಲೆ ಕೂತಳು. ಅಡಿಗೆಮನೆಯಲ್ಲಿ ಗಂಜಿ ಕುದಿಯುವ ವಾಸನೆ ಬರುತ್ತಿತ್ತು. ವಿಜಯಮಹಾಂತೇಶ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದ.

ನೀಲಗಂಗವ್ವ ಎಡಗೈ ಚಾಚಿದಳು. ತೊಟ್ಟು ಮುರಿದು ಮುರಿದು ಬೆರಳಿನ ತುದಿ ಬಿರುಕು ಬಿಟ್ಟಿದ್ದ ಕೈ. ಚೊಕ್ಕಟವಾಗಿ ತೊಳೆದಿದ್ದಳು.

"ನಿನ್ನ ರೋಜಾದ ಪುಣ್ಯಾಲೆ ಸಿಕ್ತವ್ವ," ಎಂದಳು. "ನನ್ನ ಉಪಾಸಕ್ಕ ಬರ್ಲಿಲ್ಲ ಅದು. ನೀ ಗಂಟಲಿಗೆ ಹನಿ ನೀರಿಲ್ದ ಆ ಖಾರದಾಗ ಕುಂತೀದಿ, ಅದಕ್ಕ ಬಂತು. ಕೊಡು."

ಮೈಮುನಾಬಿ ಸೆರಗಿನ ಗಂಟು ಬಿಚ್ಚುತ್ತಿದ್ದವಳು ನಿಂತಳು. ಸುಳ್ಳು ತನ್ನ ಪಾಲಿಗೆ ಇರಲಿ ಎಂದು ಹೊತ್ತುಕೊಂಡು ಬಂದಿದ್ದಳು. ಅದು ಬಂದು ರೋಜಾದ ಮೇಲೆಯೇ ಕೂತುಬಿಟ್ಟಿತು. ಇನ್ನು ಇವಳು ಬದುಕಿರುವ ತನಕ ದಿನಾ ಮುಂಜಾನೆ ಈ ಕಲ್ಲನ್ನು ಅಂಗೈಯಲ್ಲಿಟ್ಟುಕೊಂಡು ತನ್ನ ರೋಜಾವನ್ನು ನೆನೆಯುತ್ತಾಳೆ. ಕೈ ಮುಂದೆ ಹೋಗಲೇ ಇಲ್ಲ.

"ಅಕ್ಕ, ಸಿಕ್ಕಿಲ್ಲ."

"ಚಿಗವ್ವ!" ಎಂದು ಕೂಗಿದ ವಿಜಯಮಹಾಂತೇಶ.

"ಸುಮ್ನಿರೋ. ಅಕ್ಕ, ಸುಳ್ಳು ಹೇಳಿದೆ. ಇದು ಹಾವೇರಿ ಅಂಗಡೀದು, ಇಂವ ತಂದಾನ. ಹನ್ನೊಂದೂ ಚೀಲ ನೋಡಿದೆ. ಒಂದೊಂದ ಕಾಯಿ ಸರಿಸಿ ನೋಡಿದೆ. ಅದರಾಗ ಇಲ್ಲ ಅಕ್ಕ. ಎಲ್ಲೂ ಇಲ್ಲ."

ಚಾಚಿದ ಕೈ ಇನ್ನೂ ಹಾಗೆಯೇ ಇತ್ತು. ಖಾಲಿ ಅಂಗೈಯನ್ನು ನೀಲಗಂಗವ್ವ ನೋಡುತ್ತ ಕೂತಳು. ಆಮೇಲೆ ಬೆರಳು ಒಂದೊಂದಾಗಿ ಮಡಚಿಕೊಂಡವು.

"ಯಾಕ ಹೇಳಿದಿ ಸುಳ್ಳು? ನೀನೂ ಇವರಂಗ ಆದೇನು?"

"ಅಂಜಿದೆ. ನೀ ಸತ್ತಗಿತ್ತೀ ಅಂತ ಅಂಜಿದೆ."

"ಹನ್ನೊಂದೂ ನೋಡಿದಿ?"

"ಹನ್ನೊಂದೂ ನೋಡೇನಿ. ಅಲ್ಲಾನ ಆಣಿ."

"ಹಂಗಾರ ಹೋತು," ಎಂದಳು ನೀಲಗಂಗವ್ವ. ಹೇಳಿ ಅತ್ತಳು. ಮೂರು ದಿನದಿಂದ ಅವಳ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ ಎಂದು ಸುಧಾರಾಣಿ ಆಮೇಲೆ ಹೇಳಿದಳು. ಮನೆಯಲ್ಲಿ ಹೆಣ ಬಿದ್ದಾಗ ಅಳುವ ಹಾಗೆ, ದನಿ ತೆಗೆದು, ಹಾಡಿಕೊಂಡು ಅತ್ತಳು. ಹದಿಮೂರನೆಯ ವಯಸ್ಸಿನಲ್ಲಿ ಕಟ್ಟಿಸಿಕೊಂಡ ಲಿಂಗ. ಹೆರಿಗೆಯಲ್ಲಿ ಮುಷ್ಟಿಯೊಳಗಿತ್ತು, ಗಂಡನ ಮಣ್ಣಿನ ದಿನ ಎದೆಯ ಮೇಲಿತ್ತು. ತನ್ನ ಜೊತೆ ಮಣ್ಣಿಗೆ ಬರಬೇಕಾದದ್ದು ತನಗಿಂತ ಮೊದಲು ಹೋಯಿತಲ್ಲ ಎಂದು ಅತ್ತಳು. ಮೈಮುನಾಬಿ ಅವಳನ್ನು ಹಿಡಿದುಕೊಂಡು ಕೂತಳು.

ಊರ ಮಸೀದಿಯಿಂದ ಬಾಂಗು ಕೇಳಿತು. ನೀಲಗಂಗವ್ವನೇ ಮೊದಲು ತಲೆ ಎತ್ತಿದಳು.

"ಸುಧಾ, ನೀರು ಕೊಡ ಚಿಗವ್ವಗ."

"ನೀ ಹಿಂಗ ಕುಂತಿರೂವಾಗ ನಾ ಹೆಂಗ..."

"ನಿನ್ನ ವ್ರತ ನೀ ಕೆಡಸಬ್ಯಾಡ, ನನ್ನ ವ್ರತ ನಾ ಕೆಡಸಂಗಿಲ್ಲ. ಕುಡಿ."

ಮೈಮುನಾಬಿ ಕುಡಿದಳು. ಎರಡು ದಿನದ ಖಾರ ಕೂತ ಗಂಟಲಲ್ಲಿ ನೀರು ಉರಿಯುತ್ತಲೇ ಇಳಿಯಿತು. ನೀಲಗಂಗವ್ವ ಅದು ಇಳಿಯುವುದನ್ನೇ ನೋಡುತ್ತಿದ್ದಳು.

"ಮೂರು ದಿನದಿಂದ ಎಲ್ಲಾರೂ, ಹೋದ್ರ ಹೋತು ಬಿಡು ಅಂದ್ರು," ಎಂದಳು. "ಹುಡುಕದವರು ಹೋತು ಅಂದ್ರ ನಾ ಹೆಂಗ ನಂಬ್ಲಿ? ನೀ ಹುಡಿಕೀದಿ. ನೀ ಇಲ್ಲ ಅಂದ್ರ ಇಲ್ಲ. ನಾಳೆ ಸೋಮವಾರ. ಅಯ್ಯನವರ ಕಡೆ ಹೋಗೂಣು. ಸಣ್ಣ ಹುಡುಗೀಗೆ ಕಟ್ಟಿದಂಗ ಮದಲಿಂದ ಕಟ್ಲಿ."

"ಯಾವ ಲಿಂಗ ಅವ್ವ?" ಎಂದು ಮೆಲ್ಲಗೆ ಕೇಳಿದ ಮಗ.

"ನೀ ತಂದದ್ದನ್ನ. ಅಂಗಡ್ಯಾಗಿಂದು ಅಂತ ಹೇಳಿದ ಮ್ಯಾಲ ಅದರದೇನು ತಪ್ಪೈತಿ? ನೀ ಮಾತ್ರ ಆ ಖಾರದ ಪುಡಿ ಚಂದಂಗ ತೊಳಿ."

ಅವನು ಅಳುತ್ತಲೇ ನಕ್ಕ. ಗಂಜಿ ಒಲೆಯಿಂದ ಇಳಿಯಿತು, ಆದರೆ ಆ ರಾತ್ರಿಯೂ ನೀಲಗಂಗವ್ವ ಬರೀ ನೀರು ಕುಡಿದು ಮಲಗಿದಳು.

ಮರುದಿನ ಮಠದ ಹಜಾರದಲ್ಲಿ ನಾಲ್ಕೇ ಮಂದಿ ಇದ್ದರು. ಅಯ್ಯನವರು ಮುಪ್ಪಾದವರು. ನೀಲಗಂಗವ್ವ ಎಲ್ಲವನ್ನೂ ಹೇಳಿದಳು, ಸುಳ್ಳನ್ನೂ ಬಿಡಲಿಲ್ಲ. ಅವರು ಕೊನೆಯ ತನಕ ಕೇಳಿಸಿಕೊಂಡರು. ಮೈಮುನಾಬಿ ಚಪ್ಪಲಿ ಬಿಡುವ ಜಾಗದಲ್ಲೇ ಕಂಬಕ್ಕೆ ಒರಗಿ ನಿಂತಿದ್ದಳು. ಅದಕ್ಕಿಂತ ಮುಂದೆ ಬರುವ ಹಕ್ಕು ತನಗಿದೆ ಎಂದು ಅವಳು ಅಂದುಕೊಂಡಿರಲಿಲ್ಲ.

ವಿಭೂತಿ, ನೀರು, ಪತ್ರಿ ಎಲ್ಲ ಆಯಿತು. ಅಯ್ಯನವರು ಲಿಂಗ ಎತ್ತಿಕೊಂಡು ಅಂಗೈ ಚಾಚಲು ಹೇಳಿದರು. ನೀಲಗಂಗವ್ವ ಚಾಚಿದಳು. ಮೂರು ದಿನದ ಉಪವಾಸಕ್ಕೆ ತೋಳು ಮೊಣಕೈಯಿಂದಲೇ ನಡುಗುತ್ತಿತ್ತು. ಬಲಗೈಯಿಂದ ಹಿಡಿದುಕೊಂಡಳು, ಅದೂ ನಡುಗಿತು.

"ಲಿಂಗ ಬೀಳತೈತವ್ವ," ಎಂದರು ಅಯ್ಯನವರು. "ನಿಮ್ಮವರು ಯಾರಾರ ಕೆಳಗ ಕೈ ಹಿಡೀರಿ."

ವಿಜಯಮಹಾಂತೇಶ ಮುಂದೆ ಬಂದ.

"ನೀ ಅಲ್ಲಪ್ಪ," ಎಂದಳು ನೀಲಗಂಗವ್ವ. ಹಿಂದೆ ತಿರುಗಿ ನೋಡಲಿಲ್ಲ, ಕೂಗಿದಳು. "ಮೈಮುನಾ, ಬಾ."

ಮೈಮುನಾಬಿ ಕಂಬ ಬಿಟ್ಟು ಕದಲಲಿಲ್ಲ. ಅಯ್ಯನವರು ತಲೆ ಎತ್ತಿ ಅವಳ ತಲೆಯ ಮೇಲಿನ ಸೆರಗು, ಖಾರಕ್ಕೆ ಕೆಂಪಾದ ಕಣ್ಣು, ಬಿರಿದ ಬೆರಳು ಎಲ್ಲವನ್ನೂ ನೋಡಿದರು.

"ಕೈ ತೊಳಕೊಂಡು ಬಾರವ್ವ," ಎಂದರು.

ಅವಳು ತೊಳೆದುಕೊಂಡು ಬಂದು ಪಕ್ಕದಲ್ಲಿ ಮಂಡಿ ಊರಿ ಕೂತಳು. ತನ್ನ ಎರಡೂ ಅಂಗೈಯನ್ನು ನೀಲಗಂಗವ್ವನ ಕೈಯ ಕೆಳಗೆ ಇಟ್ಟಳು. ತನ್ನ ನಂಬಿಕೆ ಎಲ್ಲಿತ್ತೋ ಅಲ್ಲೇ ಇದೆ, ಕೂದಲೆಳೆಯಷ್ಟೂ ಸರಿದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಯ್ಯನವರು ಮಂತ್ರ ಹೇಳುತ್ತ ಲಿಂಗ ಇಟ್ಟರು. ಅದರ ಭಾರ ಗೆಳತಿಯ ಕೈ ದಾಟಿ ತನ್ನ ಕೈಗೆ ಬಂದದ್ದು ಮೈಮುನಾಬಿಗೆ ತಿಳಿಯಿತು. ಅದು ತಾನು ನೋಡುವಂಥದಲ್ಲ ಎಂದು ಕಣ್ಣು ಮುಚ್ಚಿಕೊಂಡಳು. ನೀಲಗಂಗವ್ವನ ಕೈ ನಡುಗುವುದು ನಿಲ್ಲುವ ತನಕ ಕೆಳಗಿನ ಕೈಗಳನ್ನು ಸಡಿಲಿಸಲಿಲ್ಲ.